ಹದಿಮೂರೂವರೆ ಅಡಿಯ ದೋಣಿ

ಐವತ್ತಮೂರನೇ ವಯಸ್ಸಿನಲ್ಲಿ ಕಯಾಕ್ ಕೊಳ್ಳುತ್ತೇನೆ ಅಂದಾಗ ನಮ್ಮ ಬೀದಿಯಲ್ಲಿ ಯಾರಿಗೂ ಅದೇನೆಂದು ಅರ್ಥವಾಗಲಿಲ್ಲ. ಕೂತು ಮೀನು ಹಿಡಿಯುವ ಪ್ಲಾಸ್ಟಿಕ್ ದೋಣಿ ಎಂದು ಬಿಡಿಸಿ ಹೇಳಿದ ಮೇಲೆ ಅರ್ಥವಾಯಿತು, ನಕ್ಕರು. "ಬಸವೇಶ್ವರನಗರದಲ್ಲಿ ಕಾವೇರಿ ನೀರೇ ದಿನ ಬಿಟ್ಟು ದಿನ ಬರುತ್ತೆ. ದೋಣಿ ಎಲ್ಲಿ ಬಿಡ್ತೀರ ಸಾರ್, ಸಂಪಲ್ಲಾ?" ಎಂದು ಎದುರುಮನೆಯವರು ಕೇಳಿದರು. ನಾನೂ ನಕ್ಕೆ. ಆ ದೋಣಿಯ ವಿಷಯದಲ್ಲಿ ನಾನು ನಕ್ಕಿದ್ದು ಅದೇ ಕೊನೆ.

ಮೀನಿನ ಹುಚ್ಚು ಹತ್ತಿಸಿದವರು ಅಪ್ಪ. ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಭಾನುವಾರ ಬಂತೆಂದರೆ ನನ್ನನ್ನು ಸೈಕಲ್ಲಿನ ಮುಂದೆ, ನನಗಿಂತ ನಾಲ್ಕು ವರ್ಷ ದೊಡ್ಡವನಾದ ಅಣ್ಣನನ್ನು ಹಿಂದೆ ಕೂರಿಸಿಕೊಂಡು ಸುಂಕದಕಟ್ಟೆಯಾಚೆಯ ಒಂದು ಕೆರೆಗೆ ಹೊರಡುತ್ತಿದ್ದರು. ಗಾಳಿ ತುಂಬಿದ ಲಾರಿ ಟ್ಯೂಬಿಗೆ ಅಡ್ಡಹಲಗೆ ಕಟ್ಟಿ ನೀರಿಗೆ ಬಿಡುವುದು, ಹಲಗೆಯ ಮೇಲೆ ಒಬ್ಬನು ಕೂತು ಗಾಳ ಹಾಕುವುದು. ಹಗುರ ಇದ್ದವನು ನಾನು, ಹಾಗಾಗಿ ಕೂರುವವನೂ ನಾನೇ. ಟ್ಯೂಬಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿ ದಡದಲ್ಲಿ ಅಣ್ಣನ ಕೈಯಲ್ಲಿರುತ್ತಿತ್ತು. ಅವನಿಗೆ ಈಜು ಬರುತ್ತಿರಲಿಲ್ಲ. ಮೂರು ನಾಲ್ಕು ಗಂಟೆ ಬಿಸಿಲಲ್ಲಿ ನಿಂತು, ಹಗ್ಗ ಸಡಿಲ ಬಿಡುತ್ತ, ಎಳೆಯುತ್ತ ಅವನ ಅಂಗೈ ಕೆಂಪಾಗಿರುತ್ತಿತ್ತು. ಜಿಲೇಬಿ ಮೀನು ಸಿಕ್ಕಿದರೆ ಶಭಾಷ್ ಅನ್ನಿಸಿಕೊಳ್ಳುತ್ತಿದ್ದವನು ನಾನು. ಇವನೂ ಒಂದು ಸಲ ಕೂರಲಿ ಎಂದು ಅಪ್ಪನಿಗೂ ಅನ್ನಿಸಲಿಲ್ಲ, ನನಗಂತೂ ಮೊದಲೇ ಅನ್ನಿಸಲಿಲ್ಲ. ಆ ಕೆರೆಗೆ ಈಗ ಸುತ್ತಲೂ ಬೇಲಿ ಇದೆ, ವಾಕಿಂಗ್ ಟ್ರ್ಯಾಕ್ ಇದೆ, ನೀರಿಗೆ ಇಳಿಯಬಾರದು ಎಂಬ ಬೋರ್ಡೂ ಇದೆ.

ಅಪ್ಪ ಹೋದ ಮರುವರ್ಷದ ಹಿರಿಯರ ಹಬ್ಬದಲ್ಲಿ ಅಣ್ಣನಿಗೂ ನನಗೂ ಮಾತು ನಿಂತಿತು. ಮಹಾಲಯ ಅಮಾವಾಸ್ಯೆಗೆ ಸತ್ತವರ ಫೋಟೊ ಮುಂದೆ ಎಲೆ ಹಾಕಿ, ಅವರು ಬದುಕಿದ್ದಾಗ ಏನೇನು ಇಷ್ಟಪಡುತ್ತಿದ್ದರೋ ಅದನ್ನೆಲ್ಲ ಬಡಿಸಿ ಎಡೆ ಇಡುವುದು ನಮ್ಮ ಮನೆಗಳಲ್ಲಿ ನಡೆದುಬಂದದ್ದು. ಅಪ್ಪನಿಗೆ ಮೀನು ಬಿಟ್ಟರೆ ಬೇರೆ ಏನು ಇಷ್ಟ? ಆದರೆ ಅಷ್ಟು ಹೊತ್ತಿಗೆ ಅಣ್ಣ ಮಾಲೆ ಹಾಕಿ ಬೆಟ್ಟ ಹತ್ತಿ ಬಂದು ಮಾಂಸ ಮೀನು ಬಿಟ್ಟಿದ್ದ. ಎಲೆಯ ಮೇಲೆ ಪಾಯಸ, ವಡೆ, ಕೋಸಂಬರಿ.

"ಅಪ್ಪ ಯಾವತ್ತಣ್ಣ ಪಾಯಸ ಕೇಳಿ ತಿಂದಿದ್ರು?" ಅಂದೆ.

"ಮನೇಲಿ ಮೀನು ಬೇಡ ಕಣೋ. ನಾನು ಬಿಟ್ಟಿದೀನಿ."

"ನೀನು ಬಿಟ್ರೆ ಅಪ್ಪಾನೂ ಬಿಡ್ಬೇಕಾ?"

ನಾನು ವಿಜಯನಗರದ ಹೋಟೆಲೊಂದರಿಂದ ಮೀನು ಫ್ರೈ ಪೊಟ್ಟಣ ಕಟ್ಟಿಸಿಕೊಂಡೇ ಬಂದಿದ್ದೆ. ಜಗಳಕ್ಕೆ ಸಿದ್ಧನಾಗಿಯೇ ಬಂದಿದ್ದೆ ಅನ್ನುವುದು ಇದರಿಂದಲೇ ತಿಳಿಯುತ್ತದೆ. ಪೊಟ್ಟಣ ಬಿಚ್ಚಿ ಎಲೆಗೆ ಬಡಿಸಿದೆ. ಅಣ್ಣ ಎಲೆಯನ್ನೇ ಎತ್ತಿ ಪಕ್ಕಕ್ಕಿಟ್ಟ. ಆಗ ನಾನು, ಬಂದಿದ್ದ ನೆಂಟರಿಷ್ಟರೆಲ್ಲರ ಎದುರು, "ದಡದಲ್ಲಿ ಹಗ್ಗ ಹಿಡ್ಕೊಂಡು ನಿಂತಿದ್ದೋನು ನೀನು. ಮೀನಿನ ವಿಷಯ ನಿನಗೇನ್ ಗೊತ್ತು?" ಅಂದುಬಿಟ್ಟೆ.

ಅವನು ಕೈ ತೊಳೆದುಕೊಂಡು ಮೇಲೆ ಹೋದ. ಊಟಕ್ಕೆ ಇಳಿಯಲಿಲ್ಲ. ಆ ಮಾತು ಆಡಿದ ಕ್ಷಣದಲ್ಲಿ ನನಗೆ ಎಂಥ ಖುಷಿಯಾಗಿತ್ತು ಅನ್ನುವುದನ್ನು ಮುಚ್ಚಿಡುವುದಿಲ್ಲ. ಸರಿಯಾದ ಜಾಗಕ್ಕೆ ಹೊಡೆದೆ ಅನ್ನಿಸಿತ್ತು.

ಆಮೇಲೆ ಮನೆ ಭಾಗವಾಯಿತು. ಮೂವತ್ತು ನಲವತ್ತರ ಸೈಟು. ನಡುವೆ ನಾಲ್ಕಡಿ ಪ್ಯಾಸೇಜು ಬಿಟ್ಟು ಆಚೆ ಹದಿಮೂರಡಿ ಅವನಿಗೆ, ಈಚೆ ಹದಿಮೂರಡಿ ನನಗೆ. ಇಬ್ಬರೂ ಇದ್ದ ಜಾಗದಲ್ಲೇ ಮೇಲಕ್ಕೆ ಕಟ್ಟಿಕೊಂಡೆವು. ಪ್ಯಾಸೇಜು ಇಬ್ಬರ ಓಡಾಟಕ್ಕೂ ಸೇರಿದ್ದೆಂದು ಪತ್ರದಲ್ಲಿ ಬರೆಸಿದ್ದಾಯಿತು. ಓಡಾಟ ಎಲ್ಲಿ ಬಂತು? ಅವನ ಕಡೆಯವರ ಚಪ್ಪಲಿ ಸ್ಟ್ಯಾಂಡು, ತುಳಸಿ ಕುಂಡ, ಹಳೆ ಸೈಕಲ್ಲು, ಖಾಲಿ ಸಿಲಿಂಡರು ಅಲ್ಲಿ. ನನ್ನ ಕಡೆಯ ಪೇಂಟ್ ಡಬ್ಬ, ಮುರಿದ ಕುರ್ಚಿ ಇಲ್ಲಿ. ನಾವಿಬ್ಬರೂ ಒಬ್ಬರ ಬಾಗಿಲ ಸದ್ದು ಕೇಳಿದರೆ ಇನ್ನೊಬ್ಬರು ಒಳಗೇ ನಿಂತು ಕಾಯುತ್ತಿದ್ದೆವು. ಮಾತಾಡುತ್ತಿದ್ದವರು ಅತ್ತಿಗೆ ಮತ್ತು ನನ್ನ ಹೆಂಡತಿ ಇಬ್ಬರೇ. ಟೆರೇಸಿನ ಮೇಲೆ ಬಟ್ಟೆ ಒಣಹಾಕುತ್ತ, ಈ ಪ್ಯಾರಾಪೆಟ್ಟಿನಿಂದ ಆ ಪ್ಯಾರಾಪೆಟ್ಟಿಗೆ. ಹೀಗೆ ಆರು ವರ್ಷ ಕಳೆಯಿತು.

ಕಯಾಕ್ ನೋಡಲು ಹೋದದ್ದು ಕೆಂಗೇರಿ ಉಪನಗರ ದಾಟಿದ ಮೇಲೆ, ಮೈಸೂರು ರಸ್ತೆಯ ಬದಿಯ ಒಂದು ಗೋಡೌನಿಗೆ. ನಡೆಸುವವರು ನಲವತ್ತೈದರ ಆಸುಪಾಸಿನ ಹೆಂಗಸು. ಸ್ವತಃ ಗಾಳ ಹಾಕುವವರಂತೆ, ಬಿಸಿಲಿಗೆ ಮೂಗಿನ ಮೇಲೆ ಚರ್ಮ ಸುಲಿದಿತ್ತು. ನಾನು ಬಣ್ಣ ಕೇಳಿದೆ, ರೇಟು ಕೇಳಿದೆ.

"ಫಸ್ಟ್ ದೋಣಿ ಅಲ್ವಾ ಸಾರ್? ಅದೆಲ್ಲ ಆಮೇಲೆ. ಮೊದಲು ಎಲ್ಲಿ ಇಡ್ತೀರ ಹೇಳಿ. ಮೆಟ್ಟಿಲಲ್ಲಿ ತಿರುಗಿಸೋಕಾಗ್ದೆ ವಾಪಸ್ ತಂದೋರನ್ನ ತುಂಬ ನೋಡಿದೀನಿ."

ಆಮೇಲೆ ಒಂದೊಂದಾಗಿ ಹೇಳಿದರು. ಮೀನು ಹಿಡಿಯೋಕೆ ಅಗಲ ಇರಬೇಕು, ಎದ್ದು ಕೂತು ಮಾಡಿದರೂ ಮಗುಚಬಾರದು. ಉದ್ದ ಇದ್ದಷ್ಟೂ ನೇರ ಹೋಗುತ್ತೆ, ಆದರೆ ಎತ್ತೋಕೆ ಕಷ್ಟ. ಗಾಳಿ ತುಂಬಿಸೋದು ಬ್ಯಾಗಲ್ಲಿ ಹಿಡಿಯುತ್ತೆ, ಗಾಳದ ಕೊಕ್ಕೆ ತಾಗಿದರೆ ಕೆಲಸ ಮುಗೀತು. ಗಾಳದ ಕೋಲು ಸಿಕ್ಕಿಸೋ ತೂತು ಕೈಗೆ ಎಟುಕಬೇಕು. ಲೈಫ್ ಜಾಕೆಟ್ ಇಲ್ಲದೆ ನಾನು ದೋಣಿ ಮಾರಲ್ಲ.

ಎರಡು ದೋಣಿ ನನ್ನ ಕಣ್ಣಿಗೆ ಬಿದ್ದವು. ಒಂದು ಸಿಂಗಲ್, ಹತ್ತಡಿ, ಹಸಿರು ಬಣ್ಣ. ನಮ್ಮ ಮೆಟ್ಟಿಲ ಕೆಳಗಿನ ಸಂದಿಗೆ ಸಲೀಸಾಗಿ ಹೋಗುವಂಥದ್ದು. ಇನ್ನೊಂದು ಡಬಲ್, ಹದಿಮೂರೂವರೆ ಅಡಿ, ಮುಂದೊಬ್ಬರು ಹಿಂದೊಬ್ಬರು ಕೂರುವಂಥದ್ದು. ಅದು ನಮ್ಮ ಮನೆಯೊಳಗೆ ಯಾವ ಮೂಲೆಗೂ ಹಿಡಿಯುವುದಿಲ್ಲ. ಇಡಬಹುದಾದ ಜಾಗ ಒಂದೇ, ಆ ಪ್ಯಾಸೇಜು. ಅಲ್ಲಿಡಬೇಕೆಂದರೆ ಅಣ್ಣನ ಸಾಮಾನು ಸರಿಯಬೇಕು. ಸಾಮಾನು ಸರಿಯಬೇಕೆಂದರೆ ನಾನು ಬಾಯಿ ಬಿಟ್ಟು ಕೇಳಬೇಕು.

"ಡಬಲ್ ಯಾರಿಗೆ ಸಾರ್? ಮೇಡಂ ಬರ್ತಾರಾ?"

"ಇಲ್ಲ, ನಮ್ಮಣ್ಣ," ಎಂದುಬಿಟ್ಟೆ. ಹಾಗೆ ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ.

"ಇಬ್ಬರದೂ ಸೇರಿ ತೂಕ ಎಷ್ಟಿರುತ್ತೆ?"

ಅಣ್ಣನ ತೂಕ ನನಗೆ ಗೊತ್ತಿರಲಿಲ್ಲ. ಸಕ್ಕರೆ ಕಾಯಿಲೆ ಬಂದು ಇಳಿದುಹೋಗಿದ್ದಾನೆಂದು ಹೆಂಡತಿ ಹೇಳಿದ್ದಳು. ತಂತಿಯ ಮೇಲೆ ಒಣಗುವ ಅವನ ಬನಿಯನ್ ನೋಡಿದಾಗ ನನಗೂ ಹಾಗೇ ಅನ್ನಿಸಿತ್ತು. ನನ್ನದು ಎಂಬತ್ತು, ಅವನದು ಎಪ್ಪತ್ತು ಇರಬಹುದು ಅಂದೆ.

"ಹಂಗಾದ್ರೆ ಡಬಲ್ಲೇ ತಗೊಳ್ಳಿ. ಡಬಲ್ಲಲ್ಲಿ ಒಬ್ಬರೇ ಬೇಕಾದ್ರೂ ಹೋಗಬಹುದು. ಸಿಂಗಲ್ಲಲ್ಲಿ ಇಬ್ಬರು ಕೂರೋಕಾಗಲ್ಲ." ಮುಂದಿನ ಭಾನುವಾರ ಬರುತ್ತೇನೆ, ಡಬಲ್ ಎತ್ತಿಟ್ಟಿರಿ ಎಂದು ಹೇಳಿ ಬಂದೆ.

ಆ ವಾರವೆಲ್ಲ ನಾನು ಆಡಿದ ಆಟ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ನೇರ ಹೋಗಿ ಬಾಗಿಲು ತಟ್ಟುವ ಯೋಗ್ಯತೆ ಇಲ್ಲ. ಹೆಂಡತಿಯ ಎದುರು ದಿನಕ್ಕೆ ಮೂರು ಸಲ ಡಬಲ್ ದೋಣಿಯ ಸುದ್ದಿ ತೆಗೆಯುವುದು. ಹದಿಮೂರೂವರೆ ಅಡಿ ಎಂದು ಬೇಕೆಂದೇ ಹೇಳುವುದು. ಇವಳು ಟೆರೇಸಿನಲ್ಲಿ ಅತ್ತಿಗೆಗೆ ಹೇಳುತ್ತಾಳೆ, ಅತ್ತಿಗೆ ಅಣ್ಣನಿಗೆ ಹೇಳುತ್ತಾರೆ, ಅವನಾಗಿಯೇ ಬಂದು ಕೇಳಲಿ ಎಂಬ ಲೆಕ್ಕಾಚಾರ. ಹೆಂಡತಿಗೂ ಅದು ಗೊತ್ತಿತ್ತು. "ರೀ, ನೀವೇ ಒಂದ್ ಮಾತು ಕೇಳಿ ಭಾವನ್ನ, ಏನ್ ಗಂಟು ಹೋಗುತ್ತೆ?" ಅಂದಳು. ದೊಡ್ಡವನು ಅವನು, ಮೊದಲು ಅವನೇ ಮಾತಾಡಲಿ ಎಂದು ಗುರುಗುಟ್ಟಿದೆ.

ಶನಿವಾರ ಬೆಳಿಗ್ಗೆ ಪ್ಯಾಸೇಜಿನಲ್ಲಿ ಸದ್ದಾಯಿತು. ಕಿಟಕಿಯಿಂದ ನೋಡಿದರೆ ಅಣ್ಣ ಸಾಮಾನು ಎತ್ತುತ್ತಿದ್ದಾನೆ. ಚಪ್ಪಲಿ ಸ್ಟ್ಯಾಂಡು ಹೋಯಿತು. ಸೈಕಲ್ಲು ಹೋಯಿತು. ಸಿಲಿಂಡರು ಹೋಯಿತು. ತುಳಸಿ ಕುಂಡವನ್ನು ಅತ್ತಿಗೆಯೂ ಅವನೂ ಸೇರಿ ಮುಂದಕ್ಕೆ ಎಳೆದರು. ನನ್ನ ಪೇಂಟ್ ಡಬ್ಬಗಳನ್ನು ಕೂಡ ನೀಟಾಗಿ ನನ್ನ ಬಾಗಿಲ ಪಕ್ಕ ಜೋಡಿಸಿಟ್ಟ. ಆಮೇಲೆ ವೆಲ್ಡಿಂಗ್ ಅಂಗಡಿಯವನೊಬ್ಬ ಬಂದು ಟೇಪು ಹಿಡಿದು ಅಳೆಯತೊಡಗಿದ. ಉದ್ದ ಅಳೆದ, ನೆಲದಿಂದ ಎತ್ತರ ಅಳೆದ, ಅಣ್ಣನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ.

ನಮ್ಮ ಕಡೆ ಭಾಗವಾದ ಮನೆಗಳಲ್ಲಿ ಹುಟ್ಟಿ ಬೆಳೆದವರಿಗೆ ಇದರ ಅರ್ಥ ಹೇಳಿಕೊಡಬೇಕಾಗಿಲ್ಲ. ಸಾಮಾನು ಖಾಲಿ, ವೆಲ್ಡಿಂಗಿನವನು, ಟೇಪು ಎಂದರೆ ಗೇಟು. ಗೇಟು ಎಂದರೆ ಬೀಗ. ನಮ್ಮ ಬೀದಿಯಲ್ಲೇ ಇಂಥ ಎರಡು ಜಗಳ ಕೋರ್ಟು ಹತ್ತಿವೆ. ದೋಣಿಯ ಸುದ್ದಿ ಇವನ ಕಿವಿಗೆ ಬಿದ್ದಿದೆ, ನಾನು ಪ್ಯಾಸೇಜಿಗೆ ಬರುವ ಮೊದಲೇ ಇವನು ಪ್ಯಾಸೇಜು ನುಂಗುತ್ತಿದ್ದಾನೆ ಅಂದುಕೊಂಡೆ. ಪಿತ್ತ ನೆತ್ತಿಗೇರಿತು. ಫೋನು ತೆಗೆದು ಕಿಟಕಿಯಿಂದಲೇ ಫೋಟೊ ಹೊಡೆದೆ, ಸಾಕ್ಷಿಗೆ ಬೇಕಾಗುತ್ತದೆಂದು. ಅಣ್ಣ ಬಗ್ಗಿ ಟೇಪಿನ ತುದಿ ಹಿಡಿದಿರುವ ಆ ಫೋಟೊ ಇನ್ನೂ ನನ್ನ ಫೋನಿನಲ್ಲಿದೆ.

"ಅಕ್ಕನ್ನ ಕೇಳ್ಲಾ, ಏನು ಅಂತ?" ಹೆಂಡತಿ ಕೇಳಿದಳು.

"ಕೇಳಬೇಡ. ಟೆರೇಸಿಗೂ ಹೋಗಬೇಡ ಇವತ್ತು. ಹಾಕ್ಲಿ ಗೇಟು, ನಾನೂ ನೋಡ್ತೀನಿ."

ಭಾನುವಾರ ಬೆಳಿಗ್ಗೆ ಗೋಡೌನಿಗೆ ಹೋದೆ. ಡಬಲ್ ದೋಣಿಯನ್ನು ಒರೆಸಿ ಮುಂದೆ ತಂದಿಟ್ಟಿದ್ದರು. ಬೇಡ, ಸಿಂಗಲ್ ಕೊಡಿ ಅಂದೆ. ಆಕೆ ನನ್ನ ಮುಖ ನೋಡಿದರು.

"ಅಣ್ಣ ಬರಲ್ವಂತಾ?"

"ಅಣ್ಣನೂ ಇಲ್ಲ ಯಾರೂ ಇಲ್ಲ. ನನಗೊಬ್ಬನಿಗೆ ಸಾಕು."

"ಯೋಚನೆ ಮಾಡಿ ಸಾರ್, ಅರ್ಜೆಂಟಿಲ್ಲ."

ಯೋಚನೆ ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಆ ಹಸಿರು ದೋಣಿಯಲ್ಲಿ ಕೂತು ನೋಡಲೂ ಇಲ್ಲ, ಅದರ ಅಗಲ ಎಷ್ಟೆಂದು ಕೇಳಲೂ ಇಲ್ಲ. ಮೊದಲ ದೋಣಿ ಆರಿಸುವುದು ಹೇಗೆಂದು ಒಂದು ತಿಂಗಳಿಂದ ಓದಿ, ವಿಡಿಯೋ ನೋಡಿ ತಲೆಗೆ ತುಂಬಿಕೊಂಡಿದ್ದೆಲ್ಲ ಒಂದೇ ದಿನದಲ್ಲಿ ಇಳಿದುಹೋಗಿತ್ತು. ಅಣ್ಣನ ಜಾಗ ಬೇಡದ ದೋಣಿ, ಅಣ್ಣನಿಗೆ ಜಾಗವಿಲ್ಲದ ದೋಣಿ. ನನಗೆ ಬೇಕಾಗಿದ್ದುದು ಅಷ್ಟೇ. ಕಾರಿನ ಮೇಲೆ ಬಿಗಿಸಿಕೊಂಡು ಹೊರಟೆ. ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ಜನ ತಲೆಯೆತ್ತಿ ನೋಡುತ್ತಿದ್ದರೆ ಜಂಭದಿಂದ ಕೂತಿದ್ದೆ.

ಮನೆಯ ಮುಂದೆ ಹೆಂಡತಿ ಆರತಿ ತಟ್ಟೆ, ತೆಂಗಿನಕಾಯಿ, ನಿಂಬೆಹಣ್ಣು ಹಿಡಿದು ನಿಂತಿದ್ದಳು. ಹೊಸ ಗಾಡಿ ಬಂದರೆ ಚಕ್ರದ ಕೆಳಗೆ ನಿಂಬೆಹಣ್ಣಿಡಬೇಕು. ಇದಕ್ಕೆ ಚಕ್ರವೇ ಇಲ್ಲವಲ್ಲ ಎಂದು ಅವಳಿಗೆ ಗೊಂದಲ. ಕಾಯಿ ಒಡೆಯುವುದು ಮನೆಯ ಹಿರಿಯರ ಕೆಲಸ. ಅಪ್ಪನಿಗೆ ಕೈಲಾಗದಂತಾದ ಮೇಲೆ ನನ್ನ ಸ್ಕೂಟರಿಗೂ, ಮೊದಲ ಕಾರಿಗೂ ಒಡೆದವನು ಅಣ್ಣ. "ಭಾವನ್ನ ಕರೀರೀ," ಎಂದು ಅವಳು ಪಿಸುಗುಟ್ಟಿದಳು. ಸುಮ್ನಿರು ಎಂದು ಗದರಿ ಹಗ್ಗ ಬಿಚ್ಚತೊಡಗಿದೆ.

ಆಗ ಅಣ್ಣ ತಾನಾಗಿಯೇ ಆಚೆ ಬಂದ. ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿ, ಹಣೆಗೆ ಕುಂಕುಮ ಇಟ್ಟಿದ್ದ. ಅವನ ಹಿಂದೆ ಅತ್ತಿಗೆ. ಅವನು ನನ್ನ ಕಡೆ ನೋಡಲಿಲ್ಲ, ಕಾರಿನ ಮೇಲಿದ್ದ ದೋಣಿಯನ್ನು ಈ ತುದಿಯಿಂದ ಆ ತುದಿಗೆ ನೋಡಿದ. ಹತ್ತಿರ ಬಂದು, ತುದಿಗಾಲಲ್ಲಿ ನಿಂತು, ಒಳಗೆ ಇಣುಕಿದ.

"ಒಂದೇ ಸೀಟಾ?" ಅಂದ.

ಆರು ವರ್ಷದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು. ನಾನು "ಹೂಂ" ಅಂದೆ. ದನಿಯಲ್ಲಿ ಗತ್ತು ಬಿಡಲಿಲ್ಲ.

ಅವನು ತಲೆಯಾಡಿಸಿದ. ನನ್ನ ಹೆಂಡತಿಯ ಕೈಯಿಂದ ಕಾಯಿ ತೆಗೆದುಕೊಂಡು, ದೋಣಿಗೆ ಮೂರು ಸಲ ನಿವಾಳಿಸಿ, ಒಡೆದು, "ಒಳ್ಳೇದಾಗ್ಲಿ" ಎಂದು ಒಳಗೆ ಹೋದ.

ದೋಣಿ ಹೊತ್ತು ಮೆಟ್ಟಿಲ ಕೆಳಗೆ ತರಲು ಪ್ಯಾಸೇಜಿನಲ್ಲೇ ಬರಬೇಕು. ಬಂದೆ. ಅಲ್ಲಿ ಗೇಟಿರಲಿಲ್ಲ. ಅಣ್ಣನ ಗೋಡೆಗೆ, ಸೊಂಟದೆತ್ತರಕ್ಕೆ, ಎರಡು ದಪ್ಪ ಕಬ್ಬಿಣದ ಕೊಕ್ಕೆಗಳಿದ್ದವು. ನಾನು ಗೋಡೌನಿಗೆ ಹೋಗಿದ್ದ ಹೊತ್ತಿನಲ್ಲಿ ಹಾಕಿಸಿದ್ದು, ಸಿಮೆಂಟು ಇನ್ನೂ ಹಸಿ. ದೋಣಿಗೆ ಗೀರು ಬೀಳಬಾರದೆಂದು ಎರಡಕ್ಕೂ ಸೈಕಲ್ ಟ್ಯೂಬು ಕತ್ತರಿಸಿ ಸುತ್ತಿದ್ದರು. ಒಂದರಿಂದ ಇನ್ನೊಂದಕ್ಕೆ ಎಂಟಡಿ ದೂರ. ಹದಿಮೂರೂವರೆ ಅಡಿ ದೋಣಿ ಎರಡೂ ಕಡೆ ಸಮನಾಗಿ ಚಾಚಿ ಕೂರುವುದಕ್ಕೆ ಬೇಕಾದ ಅಳತೆ.

ನಾನು ಹತ್ತಡಿಯ ದೋಣಿ ತಲೆಯ ಮೇಲೆ ಹೊತ್ತು ಅಲ್ಲೇ ನಿಂತೆ. ಹಿಂದಿನಿಂದ ಹಿಡಿದಿದ್ದ ಹೆಂಡತಿ ನಡೀರಿ, ಭಾರ ಅಂದಳು.

ಎರಡು ದಿನ ಬಿಟ್ಟು ಅತ್ತಿಗೆ ಟೆರೇಸಿನಲ್ಲಿ ನನ್ನನ್ನೇ ಕರೆದು ಹೇಳಿದರು. "ಬಂದ್ಮೇಲೆ ನೋಡ್ಲಿ, ಮೊದಲೇ ಹೇಳ್ಬೇಡ ಅಂದಿದ್ರು ನಿಮ್ಮಣ್ಣ. ಅದಕ್ಕೇ ನಾನೂ ಬಾಯಿ ಬಿಡ್ಲಿಲ್ಲ. ಮೀನು ಅವನು ಹಿಡೀಲಿ, ನಾನು ಹಿಂದೆ ಕೂತು ಹುಟ್ಟು ಹಾಕ್ತೀನಿ ಅಂತಿದ್ರು. ಈಜು ಬರಲ್ಲ ನಿಮಗೆ ಅಂದ್ರೆ, ಜಾಕೆಟ್ ಕೊಡ್ತಾರಂತೆ ಕಣೇ ಅಂದ್ರು." ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು.

ಗೋಡೌನಿಗೆ ಫೋನು ಮಾಡಿದೆ. ನೀರಿಗೆ ಇಳಿಸಿಲ್ಲ ಅಂದ್ರೆ ವಾರದೊಳಗೆ ತನ್ನಿ ಸಾರ್, ಡಬಲ್ ಕೊಡ್ತೀನಿ, ಅಣ್ಣ ಬರ್ತಾರಲ್ಲ, ಖುಷಿ ಅಂದರು ಆಕೆ. ಅಣ್ಣನ ಬಾಗಿಲಿಗೂ ನನ್ನ ಬಾಗಿಲಿಗೂ ನಡುವೆ ಇರುವುದು ನಾಲ್ಕಡಿ. ದಾಟಿ ಹೋಗಿ ಒಂದು ಮಾತು ಹೇಳಬೇಕಿತ್ತು. ಗೇಟು ಹಾಕುತ್ತೀಯ ಅಂದುಕೊಂಡೆ ಕಣಣ್ಣ, ತಪ್ಪಾಯಿತು ಎಂದು. ಬಾಗಿಲ ತನಕ ಹೋದೆ. ಅವನಿಗೆ ನಾನು ಏನೆಂದು ಕಾಣುತ್ತೇನೆ ಎಂದು ಯೋಚಿಸಿದೆ, ವಾಪಸು ಬಂದೆ. ಮತ್ತೆ ಹೆಂಡತಿಯ ಕೈಯಲ್ಲೇ ಹೇಳಿಕಳಿಸಿದೆ, ಇವರು ದೋಣಿ ಬದಲಾಯಿಸಿ ಡಬಲ್ ತರುತ್ತಾರಂತೆ ಎಂದು.

ಸಂಜೆ ಅದೇ ದಾರಿಯಲ್ಲಿ ಉತ್ತರ ಬಂತು. "ಬೇಡ ಅನ್ನು. ಒಬ್ಬನೇ ಹೋಗ್ಬೇಕು ಅಂತ ತಾನೇ ಅದನ್ನ ತಂದಿದ್ದು. ಹೋಗ್ಲಿ."

ಅದು ಬೇಸರದ ಮಾತು, ಇನ್ನೊಂದು ಸಲ ಕರೆದರೆ ಬರುವವನ ಮಾತು. ಈಗ ಗೊತ್ತಾಗುತ್ತದೆ. ಆಗ ನನಗೆ ಕೇಳಿಸಿದ್ದು ಕೊಬ್ಬು. ಇಷ್ಟು ಬಗ್ಗಿದ ಮೇಲೂ ಇವನ ಜಂಭ ನೋಡು ಅನ್ನಿಸಿತು. ಎಲ್ಲಿ ಬಗ್ಗಿದ್ದೆ ನಾನು? ಹೆಂಡತಿಯನ್ನು ಕಳಿಸಿದ್ದೆ, ಅಷ್ಟೇ. ವಾರದ ಗಡುವು ಮುಗಿಯುವ ಮೊದಲೇ, ಬೇಕೆಂದೇ, ಸಿಂಗಲ್ ದೋಣಿಯನ್ನು ನೀರಿಗೆ ಇಳಿಸಿದೆ. ಇನ್ನು ಬದಲಾಯಿಸುವ ಮಾತೇ ಬರಬಾರದೆಂದು.

ಮಾಗಡಿ ರಸ್ತೆಯಲ್ಲಿ ತುಂಬ ದೂರ ಹೋದರೆ ಸಿಗುವ ಒಂದು ಹಿನ್ನೀರು. ಮೀನಿನ ಗುತ್ತಿಗೆದಾರನ ಒಪ್ಪಿಗೆ ಪಡೆದು ಇಳಿದೆ. ದೋಣಿ ಅಗಲ ಕಡಿಮೆ, ಸ್ವಲ್ಪ ವಾಲಿದರೂ ಎರಡೂ ಅಂಚು ಹಿಡಿದುಕೊಳ್ಳುತ್ತಿದ್ದೆ. ಅಂಗಡಿಯಲ್ಲಿ ಕೂತು ನೋಡಿದ್ದರೆ ತಿಳಿಯುತ್ತಿತ್ತು. ಗಾಳಿ ಬೀಸಿದಾಗ ನಾನು ನಿಲ್ಲಬೇಕೆಂದ ಜಾಗದಲ್ಲಿ ಅದು ನಿಲ್ಲಲಿಲ್ಲ. ಗಾಳ ಹಿಡಿದರೆ ಹುಟ್ಟು ಹಾಕಲಾಗದು, ಹುಟ್ಟು ಹಿಡಿದರೆ ಗಾಳ ಹಾಕಲಾಗದು. ಬೆಳಗಿನಿಂದ ಮಧ್ಯಾಹ್ನದ ತನಕ ಒದ್ದಾಡಿ ಒಂದು ಜಿಲೇಬಿ ಮೀನು ಹಿಡಿದೆ. ಮೀನು ಸಿಕ್ಕಿದ ಕೂಡಲೇ ದಡದ ಕಡೆ ತಿರುಗಿ ಕೈ ಎತ್ತಿ ತೋರಿಸಿದೆ, ಹಳೆಯ ಅಭ್ಯಾಸ. ದಡದಲ್ಲಿ ನನ್ನ ಕಾರು ಮಾತ್ರ ನಿಂತಿತ್ತು.

ಆ ವರ್ಷದ ಹಿರಿಯರ ಹಬ್ಬಕ್ಕೆ ನಾನೇ ಹಿಡಿದ ಮೀನು ಎಡೆಗಿಟ್ಟೆ. ಅಪ್ಪ ತಿಂದರೋ ಇಲ್ಲವೋ, ನನಗೆ ಅದರ ಒಂದು ತುಂಡೂ ತಿನ್ನಲಾಗಲಿಲ್ಲ. ಗೋಡೆಯಾಚೆ ಪಾಯಸದ ಏಲಕ್ಕಿ ವಾಸನೆ ಬರುತ್ತಿತ್ತು.

ಆ ಕೊಕ್ಕೆಗಳು ಎಂಟು ತಿಂಗಳು ಖಾಲಿ ಇದ್ದವು. ಅಣ್ಣ ಅವುಗಳ ಮೇಲೆ ಒಂದು ಒದ್ದೆ ಟವೆಲ್ ಕೂಡ ಹಾಕಲಿಲ್ಲ, ಪ್ಯಾಸೇಜಿಗೆ ಚಪ್ಪಲಿ ಸ್ಟ್ಯಾಂಡೂ ವಾಪಸು ತರಲಿಲ್ಲ. ಎಂಟು ತಿಂಗಳು ಅವನು ಜಾಗ ಬಿಟ್ಟುಕೊಂಡು ಕಾದ. ನಾನು ದಿನಕ್ಕೆ ನಾಲ್ಕು ಸಲ ಅದರ ಪಕ್ಕದಲ್ಲೇ ಓಡಾಡಿದೆ.

ಹೋದ ತಿಂಗಳು ವೆಲ್ಡಿಂಗಿನವನು ಮತ್ತೆ ಬಂದ. ಟೇಪು ಹಿಡಿದು ಈ ಸಲ ಪ್ಯಾಸೇಜಿನ ಅಗಲ ಅಳೆದ. ಆಚೆ ಎರಡಡಿ, ಈಚೆ ಎರಡಡಿ, ನಡುವೆ ತಗಡಿನ ತಡೆ, ಮುಂದೆ ಇಬ್ಬರಿಗೂ ಬೇರೆ ಬೇರೆ ಗೇಟು. ನಿಮ್ಮ ಒಪ್ಪಿಗೆ ಇದೆಯಾ ಎಂದು ಅತ್ತಿಗೆ ಕೇಳಿಕಳಿಸಿದರು. ಇದೆ ಅಂದೆ. ಮಧ್ಯಾಹ್ನ ಗ್ರೈಂಡರ್ ಹಿಡಿದು ಆ ಕೊಕ್ಕೆಗಳನ್ನು ಕತ್ತರಿಸಿದರು. ಮೊದಲು ಸುತ್ತಿದ ಟ್ಯೂಬು ಸುಟ್ಟ ವಾಸನೆ ಬಂತು, ಆಮೇಲೆ ಕಬ್ಬಿಣದ ಸದ್ದು. ನಾನು ಟೀವಿಯ ವಾಲ್ಯೂಮ್ ಜಾಸ್ತಿ ಮಾಡಿದೆ.